ಬಕ್‌ಸ್ಕಿನ್ ಗಲ್ಚ್‌ನಿಂದ ಲೀಸ್ ಫೆರಿವರೆಗೆ: 4 ದಿನದ ಯೋಜನೆ, ನೀರಿನ ಲೆಕ್ಕ ಸರಿಯಿದೆಯೇ?

ಬೆನ್ನುಚೀಲ:
ಅಕ್ಟೋಬರ್ ಎರಡನೇ ವಾರಕ್ಕೆ ನಾಲ್ಕು ಜನರ ಪರ್ಮಿಟ್ ಸಿಕ್ಕಿದೆ. ದಿನಕ್ಕೆ 20 ಜನರನ್ನಷ್ಟೇ ರಾತ್ರಿ ತಂಗಲು ಬಿಡುವ ಜಾಗ, ಸಿಕ್ಕಿದ್ದೇ ಪುಣ್ಯ ಅನ್ನಿ. ಅಮೆರಿಕದ ಯೂಟಾದಲ್ಲಿ ವೈರ್ ಪಾಸ್ ಎಂಬಲ್ಲಿ ಇಳಿದು, ಬಕ್‌ಸ್ಕಿನ್ ಗಲ್ಚ್ ಎಂಬ ಇಕ್ಕಟ್ಟು ಕಣಿವೆ ಪೂರ್ತಿ ನಡೆದು, ಸಂಗಮದಲ್ಲಿ ಪರೀಯಾ ನದಿ ಹಿಡಿದು ಅರಿಜೋನಾದ ಲೀಸ್ ಫೆರಿಯಲ್ಲಿ ಹೊರಬೀಳುವ ಯೋಚನೆ.

ದಿನ 1: ಸಂಗಮದ ಹತ್ತಿರ ವಸತಿ. ದಿನ 2: 20ನೇ ಮೈಲಿ ದಾಟಿ, ರಾದರ್ ಎಂಬ ಕಲ್ಲು ಕಮಾನಿನ ಬುಡದಲ್ಲಿ ಟೆಂಟ್. ದಿನ 3: 30ನೇ ಮೈಲಿ. ದಿನ 4: ಲೀಸ್ ಫೆರಿ.

ತಲಾ 3 ಲೀಟರ್ ನೀರು, ಒಂದು ಹಾಲೋ ಫೈಬರ್ (ಸಣ್ಣ ಟೊಳ್ಳು ನಳಿಕೆಗಳ) ಫಿಲ್ಟರ್, ವಾಟರ್‌ಪ್ರೂಫ್ ಬೂಟು, 10 ಮೀಟರ್ ಹಗ್ಗ. ದಾರಿಯುದ್ದಕ್ಕೂ ನದಿ ಇರುವುದರಿಂದ ನೀರಿಗೆ ಬರವಿಲ್ಲ ಅಂದುಕೊಂಡಿದ್ದೇವೆ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.

ಹಳ್ಳದಂಡೆ:
ಮುಲಾಜಿಲ್ಲದೆ ಅಂದಿರಲ್ಲ, ಹೇಳುತ್ತೇನೆ. ನಿಮ್ಮ ಲೆಕ್ಕ ಎಡವಿರುವುದು ಕೊನೆಯ ಸಾಲಿನಲ್ಲಿ. ಪರೀಯಾದಲ್ಲಿ ನೀರು ಹರಿಯುತ್ತದೆ, ನಿಜ. ಆದರೆ ಅದು ಕುಡಿಯುವ ನೀರಲ್ಲ, ನಡೆಯುವ ನೀರು. ಮೇಲ್ಗಡೆ ಹೊಲಗಳಿವೆ, ದನ ಮೇಯುತ್ತವೆ, ಜೊತೆಗೆ ಗಂಜಿಯಂತಹ ಹೂಳು. ಕುಡಿಯಲು ಗೋಡೆಯಿಂದ ಇಳಿಯುವ ಒರತೆಗಳನ್ನೇ ನಂಬಬೇಕು.

ಮೈಲಿ ಲೆಕ್ಕ ಶುರುವಾಗುವುದು ಪರೀಯಾ ದಂಡೆಯ ವೈಟ್ ಹೌಸ್ ಎಂಬ ಇನ್ನೊಂದು ಆರಂಭಸ್ಥಳದಿಂದ. ಅಲ್ಲಿಂದ ಲೀಸ್ ಫೆರಿಗೆ 38 ಮೈಲಿ, ಅಂದರೆ ಸುಮಾರು 61 ಕಿ.ಮೀ. ಬಕ್‌ಸ್ಕಿನ್ ಬಂದು ಸೇರುವ ಸಂಗಮ 7ನೇ ಮೈಲಿ. ಬಿಗ್ ಸ್ಪ್ರಿಂಗ್ 12ನೇ ಮೈಲಿ. ಶವರ್ ಸ್ಪ್ರಿಂಗ್ 22. ಆಮೇಲೆ 25ನೇ ಮೈಲಿಯಲ್ಲಿ ಒಂದು ಒರತೆ. ಅದರ ಹೆಸರೇ 'ಕೊನೆಯ ನಂಬಿಕೆಯ ಒರತೆ' ಎಂಬ ಅರ್ಥದ್ದು. ಹೆಸರಿಟ್ಟವರು ತಮಾಷೆಗೆ ಇಟ್ಟಿಲ್ಲ. ಅಲ್ಲಿಂದ ಲೀಸ್ ಫೆರಿಗೆ 13 ಮೈಲಿ, ನಡುವೆ ನೆಚ್ಚಿಕೊಳ್ಳುವಂಥದ್ದು ಏನೂ ಇಲ್ಲ.

ಈಗ ನಿಮ್ಮ ಮೊದಲ ದಿನ ನೋಡಿ. ವೈರ್ ಪಾಸ್‌ನಿಂದ ಸಂಗಮಕ್ಕೆ ಹದಿಮೂರೂವರೆ ಮೈಲಿ. ಬಕ್‌ಸ್ಕಿನ್ ಒಳಗೆ ಇರುವುದು ನಿಂತು ಕೊಳೆತ ಕೆಸರುಗುಂಡಿಗಳು ಮಾತ್ರ. ರಾತ್ರಿ ಅಡುಗೆ, ಬೆಳಗಿನ ಕಾಫಿ ಆಗಿ, ಬಿಗ್ ಸ್ಪ್ರಿಂಗ್ ಮುಟ್ಟಲು ಇನ್ನೂ 5 ಮೈಲಿ. ಹದಿನೆಂಟೂವರೆ ಮೈಲಿ ಮತ್ತು ಒಂದು ರಾತ್ರಿಗೆ 3 ಲೀಟರ್ ಸಾಲುವುದಿಲ್ಲ. ಅಕ್ಟೋಬರ್ ತಂಪಿನಲ್ಲೂ ತಲಾ 6 ಲೀಟರ್ ಹೊರಿ: ಮೊದಲ ದಿನದ ನಡಿಗೆಗೆ ಮೂರು, ಅಡುಗೆ ಮತ್ತು ರಾತ್ರಿಗೆ ಒಂದೂವರೆ, ಮರುದಿನ ಬೆಳಿಗ್ಗೆಗೆ ಒಂದೂವರೆ. 6 ಲೀಟರ್ ಅಂದರೆ 6 ಕಿಲೋ, ಚೀಲಕ್ಕೆ ಅದು ಮೊದಲೇ ಗೊತ್ತಿರಲಿ.

ಇನ್ನೊಂದು: ರಾದರ್ ಪಕ್ಕದ ಕಣಿವೆಯೊಳಗೆ ಕ್ಯಾಂಪ್ ಮಾಡುವಂತಿಲ್ಲ, ಅದು ನಿಯಮ. ಕಮಾನು ನೋಡಿ ಬಂದು ಮುಖ್ಯ ಕಣಿವೆಯಲ್ಲೇ ತಂಗಬೇಕು.

ನಕ್ಷೆಗಾರ:
ಹಳ್ಳದಂಡೆಯವರ ಲೆಕ್ಕಕ್ಕೆ ವೇಗದ ಮಾತೊಂದು ಸೇರಿಸುತ್ತೇನೆ. ಸಮತಟ್ಟು ದಾರಿಯಲ್ಲಿ ಗಂಟೆಗೆ 3 ಮೈಲಿ ನಡೆಯುವವರು ಇಲ್ಲಿ ಒಂದೂವರೆ ಅಂತ ಬರೆದುಕೊಳ್ಳಿ. ನದಿ ಪ್ರತಿ ತಿರುವಿನಲ್ಲೂ ಒಂದು ಗೋಡೆಯಿಂದ ಇನ್ನೊಂದಕ್ಕೆ ಹೊರಳುತ್ತದೆ, ನೀವೂ ಜೊತೆಗೆ ಹೊರಳಬೇಕು. ನೂರಾರು ಸಲ ದಾಟುವುದು ಇದ್ದೇ ಇದೆ.

ಸಂಗಮದಿಂದ ರಾದರ್‌ಗೆ ಹದಿಮೂರು ಚಿಲ್ಲರೆ ಮೈಲಿ, ಅಂದರೆ ಒಂಬತ್ತು ಗಂಟೆ ಬರೀ ನಡಿಗೆ. ಅಕ್ಟೋಬರ್‌ನಲ್ಲಿ ಹಗಲು ಇರುವುದೇ ಹನ್ನೊಂದೂಕಾಲು ಗಂಟೆ ಆಸುಪಾಸು, ಕಣಿವೆಯ ತಳದಲ್ಲಿ ಅದಕ್ಕೂ ಮೊದಲೇ ಕತ್ತಲು. ನನ್ನನ್ನು ಕೇಳಿದರೆ ಒಂದು ರಾತ್ರಿ ಹೆಚ್ಚಿಸಿ. ಮೂರೇ ರಾತ್ರಿ ಅನ್ನುವುದಾದರೆ 7, 17, 27, 38 ಎಂದು ಹಂಚಿ. ಆಗ ಮೂರನೇ ದಿನ 25ನೇ ಮೈಲಿಯ ಒರತೆಯಲ್ಲಿ ತಲಾ 5 ಲೀಟರ್ ತುಂಬಿಕೊಂಡು, ಎರಡು ಮೈಲಿ ಮುಂದೆ ಹೋಗಿ ಮಲಗಿ, ಕೊನೆಯ 11 ಮೈಲಿಯನ್ನು ನಸುಕಿನಲ್ಲೇ ಹಿಡಿಯಬಹುದು. ಆ ಭಾಗದಲ್ಲಿ ಕಣಿವೆ ಬಾಯಿ ಬಿಟ್ಟಿರುತ್ತದೆ, ನೆರಳಿಲ್ಲ.

ಕೆಳಭಾಗದಲ್ಲಿ ದಾರಿ ನದಿ ಬಿಟ್ಟು ದಂಡೆಯ ಮೇಲಿನ ಇಳಿಜಾರಿಗೆ ಹತ್ತುತ್ತದೆ. ಅದು ತಪ್ಪಿದರೆ ಮನೆಯಷ್ಟು ದೊಡ್ಡ ಬಂಡೆಗಳ ನಡುವೆ ನುಸುಳುತ್ತಾ ಗಂಟೆಗೆ ಅರ್ಧ ಮೈಲಿಯೂ ಸಾಗುವುದಿಲ್ಲ. ಮುಂದೆ ಬಂಡೆರಾಶಿ ಕಂಡ ತಕ್ಷಣ ಎರಡೂ ದಂಡೆ ನೋಡಿ. ಹತ್ತುವ ಕಾಲುದಾರಿ ಅಲ್ಲೇ ಎಲ್ಲೋ ಇರುತ್ತದೆ.

ತೇಲುಮೋಡ:
ನೀರಿಲ್ಲದ ಮಾತಾಯಿತು, ನೀರು ಹೆಚ್ಚಾದರೆ ಏನು ಅಂತ ಯಾರೂ ಕೇಳಲಿಲ್ಲವಲ್ಲ!

ಅಲ್ಲಿ ಮಣ್ಣು ಕಡಿಮೆ, ಬರೀ ಮರಳುಗಲ್ಲು ಮತ್ತು ಜೇಡಿ. ಬಿದ್ದ ಮಳೆ ಇಂಗುವುದಿಲ್ಲ, ಜಾರುತ್ತದೆ. ಹತ್ತಾರು ಮೈಲಿ ಅಗಲದಲ್ಲಿ ಜಾರಿದ್ದು ಕೊನೆಗೆ ಕೈಚಾಚಿದರೆ ಎರಡೂ ಗೋಡೆ ಸಿಗುವಂಥ ಸಂದಿಗೆ ನುಗ್ಗುತ್ತದೆ. ನಿಮ್ಮ ತಲೆಯ ಮೇಲೆ ನೀಲಿ ಆಕಾಶವೇ ಇರಬಹುದು. ಅದೇ ಸೀಮೆಯ ಆಂಟಿಲೋಪ್ ಕಣಿವೆಯಲ್ಲಿ 1997ರ ಆಗಸ್ಟ್ 12ರಂದು 11 ಜನ ಸತ್ತಿದ್ದು ಹೀಗೆಯೇ: ಮಳೆ ಸುರಿದದ್ದು ಮೇಲ್ಗಡೆ, ದೂರದಲ್ಲಿ.

ಪರೀಯಾ ಹುಟ್ಟುವುದು ಬ್ರೈಸ್ ಕ್ಯಾನಿಯನ್ ಸೀಮೆಯಲ್ಲಿ. ಬಕ್‌ಸ್ಕಿನ್‌ಗೆ ನೀರು ಕೊಡುವ ಹಳ್ಳಗಳು ಹೆದ್ದಾರಿ 89ರ ಉತ್ತರಕ್ಕೂ ಚಾಚಿವೆ. ಆದ್ದರಿಂದ ವೈರ್ ಪಾಸ್‌ನ ಹವಾಮಾನ ಮಾತ್ರ ನೋಡಿ ಇಳಿಯಬೇಡಿ, ಉತ್ತರದ್ದೂ ನೋಡಿ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಸಾಲ್ಟ್ ಲೇಕ್ ಸಿಟಿ ಕಚೇರಿ ಆ ಸೀಮೆಗೆ ದಿಢೀರ್ ಪ್ರವಾಹದ ಅಂದಾಜು ಕೊಡುತ್ತದೆ, ನಾಲ್ಕು ಹಂತದಲ್ಲಿ: ನಿರೀಕ್ಷೆಯಿಲ್ಲ, ಸಾಧ್ಯ, ಸಂಭವ ಹೆಚ್ಚು, ಖಚಿತ ಅನ್ನುವಷ್ಟು. ಎರಡನೆಯದು ಬಂದರೂ ಬಕ್‌ಸ್ಕಿನ್ ಬೇಡ. 'ಸಾಧ್ಯ' ಎಂಬ ಪದ ವಿಶಾಲ ಕಣಿವೆಯಲ್ಲಿ ಓದುವುದೇ ಬೇರೆ, ತಪ್ಪಿಸಿಕೊಳ್ಳಲು ಜಾಗವಿಲ್ಲದ ಹತ್ತಾರು ಮೈಲಿ ಸಂದಿಯಲ್ಲಿ ಓದುವುದೇ ಬೇರೆ.

ಜುಲೈನಿಂದ ಸೆಪ್ಟೆಂಬರ್ ನಡುಭಾಗದವರೆಗಿನ ಮಾನ್ಸೂನ್ ಮುಗಿಯಿತು, ಅಕ್ಟೋಬರ್ ಸೇಫ್ ಅಂತ ಕಣ್ಣುಮುಚ್ಚಿ ನಂಬಬೇಡಿ. 2023ರ ಮಾರ್ಚ್‌ನಲ್ಲಿ ಇದೇ ಹಾದಿಯಲ್ಲಿ ಪ್ರವಾಹಕ್ಕೆ ಇಬ್ಬರು ಚಾರಣಿಗರು ಬಲಿಯಾದರು. ಅದು ಮಾನ್ಸೂನ್ ಅಲ್ಲವೇ ಅಲ್ಲ.

ಬೆನ್ನುಚೀಲ:
ತುಂಬಾ ಉಪಕಾರವಾಯಿತು. ನೀರು ತಲಾ 6 ಲೀಟರ್ ಅಂತ ತಿದ್ದಿದ್ದೇನೆ. ತೇಲುಮೋಡ ಸರ್, ನದಿಯ ಹರಿವು ತೋರಿಸುವ ಮಾಪಕಗಳು ಆನ್‌ಲೈನ್‌ನಲ್ಲಿ ಸಿಗುತ್ತವಲ್ಲ. ಲೀಸ್ ಫೆರಿಯದ್ದು ನೋಡಿ ಹೊರಟರೆ ಸಾಕೇ? ಆ ದಿನ ಮುನ್ಸೂಚನೆ ಕೆಟ್ಟಿದ್ದರೆ ಬಕ್‌ಸ್ಕಿನ್ ಬಿಟ್ಟು ವೈಟ್ ಹೌಸ್‌ನಿಂದ ಹೋಗಬಹುದೇ?

ತೇಲುಮೋಡ:
ಲೀಸ್ ಫೆರಿ ಮಾಪಕ ಇರುವುದು ನದಿಯ ಬಾಯಲ್ಲಿ. ಅಲ್ಲಿ ಏರಿದ ನೀರು ಆಗಲೇ ಕಣಿವೆ ಪೂರ್ತಿ ದಾಟಿ ಬಂದಿರುತ್ತದೆ; ಒಳಗಿರುವವರಿಗೆ ಅದು ಹಳೇ ಸುದ್ದಿ. ಮೇಲ್ಗಡೆ ಹೆದ್ದಾರಿ 89ರ ಹತ್ತಿರ ಇನ್ನೊಂದು ಮಾಪಕವಿದೆ, ಕಣಿವೆಯೊಳಕ್ಕೆ ಏನು ಹೋಗುತ್ತಿದೆ ಅಂತ ಹೇಳುವುದು ಅದು. ಆದರೆ ಬಕ್‌ಸ್ಕಿನ್ ಬಂದು ಸೇರುವುದು ಅದಕ್ಕಿಂತ ಕೆಳಗೆ, ಹಾಗಾಗಿ ಬಕ್‌ಸ್ಕಿನ್ ನೀರು ಅದಕ್ಕೆ ಕಾಣುವುದೇ ಇಲ್ಲ. ಮಾಪಕ ಬೇಕು, ಮಾಪಕವೊಂದೇ ಸಾಲದು.

ವೈಟ್ ಹೌಸ್‌ನಿಂದ ಹೊರಟರೂ ಸುಮಾರು 4ರಿಂದ 9ನೇ ಮೈಲಿವರೆಗೆ ಇಕ್ಕಟ್ಟು ಗೋಡೆಗಳೇ. ಬಕ್‌ಸ್ಕಿನ್‌ಗಿಂತ ಅಗಲ, ಅಷ್ಟೇ. ಮಳೆಯ ದಿನಕ್ಕೆ ಅದು ಬದಲಿಯಲ್ಲ. ಪರ್ಮಿಟ್‌ನಲ್ಲಿ ಆರಂಭಸ್ಥಳವೂ ದಿನಾಂಕವೂ ನಮೂದಾಗಿರುತ್ತದೆ, ಬದಲಿಸಬೇಕಿದ್ದರೆ ಪರ್ಮಿಟ್ ಕೊಡುವ ಭೂ ನಿರ್ವಹಣಾ ಇಲಾಖೆಯವರನ್ನೇ ಕೇಳಿ. ಹೆದ್ದಾರಿ 89ರಲ್ಲಿ ಕನಾಬ್ ಮತ್ತು ಪೇಜ್ ಊರುಗಳ ನಡುವೆ ಪರೀಯಾ ಸಂಪರ್ಕ ಕೇಂದ್ರವಿದೆ. ಅದು ತೆರೆದಿದ್ದರೆ ಇಳಿಯುವ ಮೊದಲು ಅಲ್ಲಿ ನಿಂತು ಹೋಗಿ. ಗುಂಡಿಗಳ ಆಳ, ಬಂಡೆ ಅಡ್ಡಗಟ್ಟಿನ ಸ್ಥಿತಿ, ಎರಡೂ ಅಲ್ಲಿ ಗೊತ್ತಾಗುತ್ತದೆ.

ಒಳಗಿದ್ದಾಗ ಕಿವಿ ಕಣ್ಣು ತೆರೆದಿರಲಿ. ನದಿ ಮೊದಲೇ ಕೆಸರು, ಹಾಗಾಗಿ ಬಣ್ಣವೊಂದನ್ನೇ ನಂಬಿ ಕೂರಬೇಡಿ. ಕಡ್ಡಿ, ಎಲೆ, ನೊರೆ ತೇಲಿ ಬರತೊಡಗಿದರೆ, ಮೇಲಿನಿಂದ ಇದ್ದಕ್ಕಿದ್ದಂತೆ ಗಾಳಿ ನುಗ್ಗಿದರೆ, ಮೊರೆತ ಕೇಳಿದರೆ ಚೀಲ ಬಿಟ್ಟು ಮೇಲೆ ಹತ್ತಿ. ಬಕ್‌ಸ್ಕಿನ್ ಗೋಡೆಗಳ ನಡುವೆ, ತಲೆಯಿಂದ ಎಷ್ಟೋ ಎತ್ತರದಲ್ಲಿ, ಮರದ ದಿಮ್ಮಿಗಳು ಅಡ್ಡಲಾಗಿ ಸಿಕ್ಕಿಕೊಂಡಿರುತ್ತವೆ. ಹಿಂದಿನ ಪ್ರವಾಹ ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಅದೇ ಗುರುತು.

ಮರಳುಗಾಲು:
ಬೂಟಿನ ವಿಷಯಕ್ಕೆ ಬರೋಣ. ವಾಟರ್‌ಪ್ರೂಫ್ ಬೂಟು ಮನೆಯಲ್ಲೇ ಇರಲಿ. ನೀರು ಮೊಣಕಾಲಿಗೆ ಬರುವಲ್ಲಿ ಅದು ಮೇಲಿನಿಂದ ಒಳಗಿಳಿಯುತ್ತದೆ, ಆಮೇಲೆ ಹೊರಗೆ ಹೋಗಲು ಪೊರೆ ಬಿಡುವುದಿಲ್ಲ. ಎರಡು ಬಕೆಟ್ ಕಟ್ಟಿಕೊಂಡು ನಡೆದ ಹಾಗೆ.

ಜಾಲರಿ ಬಟ್ಟೆಯ ಹಗುರ ಟ್ರೇಲ್ ಶೂ, ಅಳತೆಗಿಂತ ಅರ್ಧ ಸೈಜ್ ದೊಡ್ಡದು. ಒಳಗೆ ತೆಳು ಕಾಲುಚೀಲ, ಅದರ ಮೇಲೆ 2 ಅಥವಾ 3 ಮಿ.ಮೀ. ದಪ್ಪದ ನಿಯೋಪ್ರೀನ್ (ರಬ್ಬರಿನಂಥ) ಕಾಲುಚೀಲ. ಅಕ್ಟೋಬರ್‌ನಲ್ಲಿ ನಿಯೋಪ್ರೀನ್ ಬೇಕೇ ಬೇಕು, ಬಿಸಿಲು ತಾಗದ ನೀರು ಕೊರೆಯುತ್ತದೆ. ಆದರೆ ನಯವಾದ ಮರಳು ಅದರೊಳಗೆ ಸೇರಿದರೆ ಉಪ್ಪುಕಾಗದದಂತೆ ಚರ್ಮ ಉಜ್ಜುತ್ತದೆ. ಎರಡು ಗಂಟೆಗೊಮ್ಮೆ ಕೂತು, ಎರಡೂ ಬಿಚ್ಚಿ, ಒಳಗನ್ನು ಹೊರಗೆ ಮಾಡಿ ತೊಳೆಯಿರಿ. ಇದಕ್ಕೆ ಸೋಮಾರಿತನ ಮಾಡಿದವರೇ ಮೂರನೇ ದಿನ ಕುಂಟುವುದು.

ಟೇಪ್ ಅಂಟಿಸುವುದಿದ್ದರೆ ಬೆಳಿಗ್ಗೆ ಒಣ ಚರ್ಮಕ್ಕೆ, ಮೊದಲು ಅಂಟು ಹಿಡಿಯಲು ಟಿಂಕ್ಚರ್ ಬೆಂಜೋಯಿನ್ ದ್ರವ ಸವರಿ. ಒದ್ದೆ ಕಾಲಿಗೆ ಹಚ್ಚಿದ ಟೇಪ್ ಮೊದಲ ತಿರುವಿನಲ್ಲೇ ನದಿಪಾಲು. ರಾತ್ರಿಗೆ ಒಂದು ಜೊತೆ ಒಣ ಉಣ್ಣೆ ಕಾಲುಚೀಲ ಮಲಗುವ ಚೀಲದೊಳಗೇ ಇಟ್ಟಿರಿ, ಯಾವ ಕಾರಣಕ್ಕೂ ಹಗಲು ಹೊರತೆಗೆಯಬೇಡಿ. ದಿನವಿಡೀ ನೆನೆದು ಬಿಳಿಚಿ ಸುಕ್ಕಾದ ಚರ್ಮ ಒಣಗಲು ಸಿಗುವುದು ಆ ಎಂಟು ಗಂಟೆ ಮಾತ್ರ.

ನಕ್ಷೆಗಾರ:
ಮೊದಲ ದಿನ ಒಣ ನೆಲದಲ್ಲಿ ಚಪ್ಪಲಿ, ಆಮೇಲೆ ಶೂ ಅಂತ ಎರಡು ಜೊತೆ ಹೊರುವವರಿದ್ದಾರೆ. ನಾನಂತೂ ಒಂದೇ ಜೊತೆ ಸಾಕು ಅನ್ನುವ ಕಡೆಯವನು.

ಮರಳುಗಾಲು:
ಒಪ್ಪಿದೆ, ಬರೀ ಚಪ್ಪಲಿಯಲ್ಲಿ ನಡೆಯುತ್ತೇನೆ ಅನ್ನದಿದ್ದರೆ ಸಾಕು. ಕೆಸರಿನ ಕೆಳಗೆ ಯಾವ ಕಲ್ಲಿದೆ ಅಂತ ಕಾಣುವುದಿಲ್ಲ, ಬೆರಳು ಹೋದರೆ ನಡಿಗೆಯೂ ಹೋದಂತೆ.

ಹಳ್ಳದಂಡೆ:
ಫಿಲ್ಟರ್ ಬಗ್ಗೆ. ಒರತೆ ನೀರಿಗೆ ನಿಮ್ಮ ಹಾಲೋ ಫೈಬರ್ ಚೆನ್ನಾಗಿದೆ. ಪ್ರವಾಹದ ಕೆಸರಿನಲ್ಲಿ ಒರತೆ ಮುಚ್ಚಿಹೋಗಿ ನದಿ ನೀರೇ ಗತಿಯಾದರೆ, ಅದು ಅರ್ಧ ಲೀಟರಿಗೇ ಕಟ್ಟಿಕೊಳ್ಳುತ್ತದೆ. ಅದಕ್ಕೆ ಪಟಿಕದ ಪುಡಿ 50 ಗ್ರಾಂ, ಮಡಚುವ 10 ಲೀಟರ್ ಬಕೆಟ್ ಒಂದು ಒಯ್ಯಿರಿ. ಎರಡೂ ಸೇರಿ ತೂಕ ಏನೂ ಅಲ್ಲ.

ಹೂಳಿನ ಜೇಡಿ ಕಣಗಳಿಗೆ ಋಣ ವಿದ್ಯುದಂಶ ಇರುತ್ತದೆ, ಒಂದನ್ನೊಂದು ದೂಡುತ್ತಾ ತೇಲುತ್ತಲೇ ಇರುತ್ತವೆ. ಅದಕ್ಕೇ ರಾತ್ರಿಯಿಡೀ ಇಟ್ಟರೂ ನೀರು ತಿಳಿಯಾಗದಿರುವುದುಂಟು. ಪಟಿಕದ ಅಲ್ಯೂಮಿನಿಯಂ ಆ ವಿದ್ಯುದಂಶ ಕಳೆಯುತ್ತದೆ, ಕಣಗಳು ಗಂಟುಕಟ್ಟಿ ತಳ ಸೇರುತ್ತವೆ. 4 ಲೀಟರಿಗೆ ಕಾಲು ಟೀಚಮಚ. ಹಾಕಿ ಐದು ನಿಮಿಷ ನಿಧಾನಕ್ಕೆ ತಿರುಗಿಸಿ, ಜೋರಾಗಿ ಕಡೆದರೆ ಕಟ್ಟಿದ ಗಂಟು ಒಡೆದುಹೋಗುತ್ತದೆ. ಅರ್ಧ ಗಂಟೆ ಮುಟ್ಟಬೇಡಿ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ಫಿಲ್ಟರ್ ಮಾಡಿ, ಆಮೇಲೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಗಟ್ಟಿ ಪರೋಪಜೀವಿಗೂ ಸೇರಿ 4 ಗಂಟೆ ಕಾಯಬೇಕು. ಕೆಸರು ನೀರಿಗೆ ನೇರ ಮಾತ್ರೆ ಹಾಕಿದರೆ ಔಷಧವನ್ನು ಹೂಳೇ ತಿಂದುಹಾಕುತ್ತದೆ, ಕ್ರಿಮಿಗೆ ಏನೂ ಉಳಿಯುವುದಿಲ್ಲ.

ಪಟಿಕ ತೆಗೆಯುವುದು ಹೂಳನ್ನು. ನೀರಲ್ಲಿ ಕರಗಿದ ಉಪ್ಪು, ಹೊಲದ ರಾಸಾಯನಿಕ ಹಾಗೆಯೇ ಇರುತ್ತದೆ. ಆದ್ದರಿಂದ ಇದು ಕಷ್ಟಕಾಲದ ಉಪಾಯ, ದಿನನಿತ್ಯದ್ದಲ್ಲ. ಫಿಲ್ಟರ್ ಒಮ್ಮೆ ಒದ್ದೆಯಾದ ಮೇಲೆ ರಾತ್ರಿ ಮೈಗೆ ಹತ್ತಿರ ಇಟ್ಟು ಮಲಗಿ, ಒಳಗಿನ ನೀರು ಹೆಪ್ಪುಗಟ್ಟಿದರೆ ನಳಿಕೆಗಳು ಸೀಳುತ್ತವೆ. ನೋಡಿದರೆ ಗೊತ್ತೇ ಆಗುವುದಿಲ್ಲ.

ಗೋಡೆಸಂದಿ:
ಬಕ್‌ಸ್ಕಿನ್ ಒಳಗಿನ ಎರಡು ಅಡ್ಡಿಗಳ ಬಗ್ಗೆ ಬರೆಯುತ್ತೇನೆ, 10 ಮೀಟರ್ ಹಗ್ಗದ ಮಾತು ಅಲ್ಲಿಗೇ ಬರುವುದು.

ಮೊದಲನೆಯದು ಸೆಸ್‌ಪೂಲ್ ಅಂತ ಕರೆಯುವ ಗುಂಡಿಗಳು. ಕೆಲವು ವರ್ಷ ಒಣ, ಕೆಲವು ವರ್ಷ ಎದೆಮಟ್ಟ. ಸೂರ್ಯನನ್ನೇ ಕಾಣದ ನೀರು. ಮುಂದಿರುವವರು ಕೋಲು ಊರಿ ಆಳ ನೋಡಬೇಕು, ಉಳಿದವರು ಕಾಯಬೇಕು. ಚೀಲದ ಹೊರಗೆ ಹಾಕುವ ಮಳೆಹೊದಿಕೆ ಇಲ್ಲಿ ಕೆಲಸಕ್ಕೆ ಬಾರದು. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಹಾಸಿ, ಎಲ್ಲವನ್ನೂ ಅದರಲ್ಲಿಟ್ಟು, ಬಾಯಿ ತಿರುಚಿ ಮಡಚಿ ಕಟ್ಟಿ. ಗುಂಡಿ ದಾಟಿದ ಕೂಡಲೇ ಒದ್ದೆ ಅಂಗಿ ಬದಲಿಸಿ, ಏನಾದರೂ ತಿನ್ನಿ, ನಡೆಯುತ್ತಲೇ ಇರಿ. ಹೊರಗೆ 25 ಡಿಗ್ರಿ ಇದ್ದರೂ ಅಲ್ಲಿ ಮೈ ನಡುಗಿ ಮಾತು ತೊದಲುವ ಸ್ಥಿತಿ ಬರಬಹುದು.

ಎರಡನೆಯದು ಬಂಡೆ ಅಡ್ಡಗಟ್ಟು, ಸಂಗಮಕ್ಕೆ ಸುಮಾರು ಒಂದೂವರೆ ಮೈಲಿ ಮುಂಚೆ. ಕೆಳಗಿಳಿಯಲು ನಾಲ್ಕೈದು ಮೀಟರ್. ಪ್ರವಾಹ ಬಂದಾಗಲೆಲ್ಲ ಬಂಡೆಗಳು ಜಾಗ ಬದಲಿಸುತ್ತವೆ, ಹೋದ ವರ್ಷದ ವಿವರ ಈ ವರ್ಷಕ್ಕಲ್ಲ. 15 ಮೀಟರ್, 8 ಮಿ.ಮೀ. ಹಿಗ್ಗದ ಹಗ್ಗ ಒಯ್ಯಿರಿ: ಮೇಲೆ ಬಂಡೆಗೆ ಸುತ್ತಲು ಬೇಕು, ಕೆಳಗೆ ಇಳಿಯಲು ಬೇಕು, 10ರಲ್ಲಿ ಎರಡೂ ಆಗದಿರಬಹುದು. ಹಿಡಿತಕ್ಕೆ ಅರ್ಧ ಮೀಟರಿಗೊಂದು ಗಂಟು ಹಾಕಿ. ಚೀಲಗಳನ್ನು ಮೊದಲು ಇಳಿಬಿಡಿ, ಆಮೇಲೆ ಮನುಷ್ಯರು. ಹಿಂದಿನವರು ಬಿಟ್ಟುಹೋದ ಹಗ್ಗ ಅಲ್ಲಿ ಕಾಣುತ್ತದೆ. ಅದಕ್ಕೆ ಮೈಭಾರ ಕೊಡಬೇಡಿ. ಬಿಸಿಲಿಗಿಂತ ಹೆಚ್ಚಾಗಿ, ನೂಲಿನೊಳಗೆ ಕೂತ ಮರಳು ಅದನ್ನು ಒಳಗಿನಿಂದಲೇ ಕತ್ತರಿಸಿರುತ್ತದೆ.

ನಡುವೆ ಹೊರಬೀಳಲು 'ಮಿಡಲ್ ರೂಟ್' ಒಂದೇ ದಾರಿ, ಹೆಚ್ಚುಕಡಿಮೆ ಅರ್ಧದಲ್ಲಿ. ಅದೂ ಕೈಕಾಲು ಎರಡೂ ಬಳಸಿ ಬಂಡೆ ಹತ್ತುವ ದಾರಿ, ಭಾರದ ಚೀಲ ಹೊತ್ತು ಸುಲಭವಲ್ಲ.

ಬೆನ್ನುಚೀಲ:
ಉಸುಬು ಮರಳಿನ ಬಗ್ಗೆ ಎಲ್ಲೆಡೆ ಹೆದರಿಸುತ್ತಾರೆ. ಎಷ್ಟು ನಿಜ?

ಗೋಡೆಸಂದಿ:
ಇದೆ, ಪ್ರವಾಹವಾದ ಕೆಲ ದಿನ ಹೆಚ್ಚು. ತಲೆವರೆಗೆ ನುಂಗುವುದಿಲ್ಲ, ಮೊಣಕಾಲು ತೊಡೆವರೆಗೆ ಹಿಡಿಯುತ್ತದೆ. ನೆಲ ಅಲುಗಿದಂತೆ ಅನಿಸಿದರೆ ನಿಲ್ಲದೆ ಸರಸರ ದಾಟಿ. ಸಿಕ್ಕಿಕೊಂಡರೆ ಸೊಂಟದ ಪಟ್ಟಿ ಬಿಚ್ಚಿ ಚೀಲ ಪಕ್ಕಕ್ಕೆಸೆಯಿರಿ, ಹಿಂದಕ್ಕೆ ಒರಗಿ ಕೂತು ಭಾರ ಹಂಚಿ, ಒಂದು ಕಾಲನ್ನು ಸಣ್ಣಗೆ ವೃತ್ತಾಕಾರವಾಗಿ ಆಡಿಸಿ. ಕಾಲಿನ ಸುತ್ತ ನೀರು ಇಳಿದ ಮೇಲೆ ಮರಳು ಸಡಿಲವಾಗುತ್ತದೆ. ನೇರ ಮೇಲಕ್ಕೆ ಎಳೆದರೆ ಶೂ ಒಳಗೇ ಉಳಿಯುತ್ತದೆ.

ಮರಳುಗಾಲು:
ಕ್ಯಾಂಪ್ ಬಗ್ಗೆ ಎರಡು ಮಾತು. ನದಿ ಮಟ್ಟದ ಮರಳು ಹಾಸು ಎಷ್ಟೇ ಮೆತ್ತಗಿದ್ದರೂ ಬೇಡ, ಕಾಟನ್‌ವುಡ್ ಮರ ಬೆಳೆದಿರುವ ಎತ್ತರದ ದಿಬ್ಬ ಹುಡುಕಿ. ಸಂಗಮದ ಹತ್ತಿರ ಬಕ್‌ಸ್ಕಿನ್ ಒಳಗೇ ಅಂಥ ದಿಬ್ಬಗಳಿವೆ. ಮರಳಿನಲ್ಲಿ ಟೆಂಟ್ ಗೂಟ ನಿಲ್ಲುವುದಿಲ್ಲ. ಸಣ್ಣ ಬಟ್ಟೆಚೀಲಕ್ಕೆ ಮರಳು ತುಂಬಿ, ದಾರ ಕಟ್ಟಿ, ಒಂದಡಿ ಆಳಕ್ಕೆ ಹೂಳಿ. ಬೆಂಕಿ ಹಾಕುವಂತಿಲ್ಲ, ಗ್ಯಾಸ್ ಒಲೆ ಮಾತ್ರ. ತಿಂಡಿಯನ್ನು ಇಲಿಗಳು ರಾತ್ರಿ ಚೀಲ ಕೊರೆದು ತಿನ್ನುತ್ತವೆ, ಹಗಲು ಕಾಡುಕಾಗೆಗಳು ಜಿಪ್ ಎಳೆದು ತೆಗೆಯುತ್ತವೆ. ಗಟ್ಟಿ ಡಬ್ಬಿ ಒಳ್ಳೆಯದು.

ಒರತೆಗಳ ಬುಡದಲ್ಲಿ ಮೂರು ಮೂರು ಎಲೆಯ ಹಸಿರು ಪೊದೆ ಕಂಡರೆ ಮುಟ್ಟಬೇಡಿ, ಅದು ಪಾಯ್ಸನ್ ಐವಿ. ಬಾಟಲಿ ತುಂಬುವ ಆತುರದಲ್ಲಿ ಅದರಲ್ಲೇ ಮೊಣಕಾಲೂರುವುದು ಸಾಮಾನ್ಯ.

ಮಲವನ್ನು ಹೊತ್ತು ತರುವುದು ಕಡ್ಡಾಯ. ಜೆಲ್ ಪುಡಿ ಇರುವ ಚೀಲ ತಲಾ ದಿನಕ್ಕೊಂದು, ಮೇಲೆ ಒಂದು ಹೆಚ್ಚು. ಬಳಸಿದ್ದನ್ನು ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಚೀಲದ ಹೊರಗೆ ಕಟ್ಟಿ; ಬರೀ ಚೀಲವನ್ನು ಒಳಗಿಟ್ಟರೆ ಬಂಡೆ ಇಳಿಯುವಾಗ ಒತ್ತಿ ಒಡೆದರೆ ಏನಾಗುತ್ತದೆ ಅಂತ ವಿವರಿಸಬೇಕಿಲ್ಲ.

ನಕ್ಷೆಗಾರ:
ಸ್ಯಾಟಲೈಟ್ ಮೆಸೆಂಜರ್ ಇದ್ದರೂ ಬಕ್‌ಸ್ಕಿನ್‌ನಲ್ಲಿ ಆಕಾಶ ಒಂದು ಗೆರೆಯಷ್ಟೇ ಕಾಣುತ್ತದೆ. ಸಂದೇಶ ಹೋಗದಿರಬಹುದು, ಜಿಪಿಎಸ್ ಚುಕ್ಕೆ ಗೋಡೆಯಾಚೆ ಕುಣಿಯಬಹುದು. ಕಾಗದದ ನಕ್ಷೆ ಇರಲಿ, ತಿರುವು ಎಣಿಸಿ ನಡೆಯಿರಿ. ಹೊರಗೆ ಒಬ್ಬರ ಬಳಿ ಬರವಣಿಗೆಯಲ್ಲಿ ಬಿಟ್ಟುಹೋಗಿ: ಆರಂಭಸ್ಥಳ, ಕಾರಿನ ನಂಬರ್, ಪ್ರತಿ ರಾತ್ರಿಯ ಮೈಲಿ, ಇಷ್ಟು ಹೊತ್ತಿಗೆ ಸುದ್ದಿ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು. ಯೂಟಾ ಕಡೆಗೆ ಕೇನ್ ಕೌಂಟಿ ಶೆರಿಫ್, ಅರಿಜೋನಾ ಕಡೆಗೆ ಕೊಕೊನಿನೊ ಕೌಂಟಿ. ವೈರ್ ಪಾಸ್‌ಗೆ ಹೋಗುವ ಹೌಸ್ ರಾಕ್ ವ್ಯಾಲಿ ರಸ್ತೆ ಜೇಡಿಮಣ್ಣಿನದು, ಮಳೆ ಬಂದ ಮೇಲೆ ಫೋರ್ ವೀಲ್ ಡ್ರೈವ್ ಕೂಡ ಜಾರುತ್ತದೆ ಎಂಬುದೂ ನೆನಪಿರಲಿ.

ಬೆನ್ನುಚೀಲ:
ಇನ್ನೊಂದು ರಾತ್ರಿ ಸೇರಿಸಲು ಪರ್ಮಿಟ್ ನೋಡುತ್ತಿದ್ದೇನೆ; ಸಿಗದಿದ್ದರೆ 7, 17, 27, 38. ಹಗ್ಗ, ಶೂ, ಪಟಿಕ ಪಟ್ಟಿಗೆ ಸೇರಿತು. ಕೊನೆಯ ಪ್ರಶ್ನೆ: ನಮ್ಮ ಕಾರನ್ನು ಲೀಸ್ ಫೆರಿಯಲ್ಲಿ ಬಿಟ್ಟು, ಬೆಳಿಗ್ಗೆ 6ಕ್ಕೆ ಶಟಲ್ ಹಿಡಿದು ವೈರ್ ಪಾಸ್‌ಗೆ ಹೋದರೆ 8ಕ್ಕೆ ನಡಿಗೆ ಶುರುಮಾಡಬಹುದಲ್ಲವೇ?

ನಕ್ಷೆಗಾರ:
ಯಾವ ಗಡಿಯಾರದ 6? ಅರಿಜೋನಾದಲ್ಲಿ ಬೇಸಿಗೆ ಸಮಯ ಬದಲಾವಣೆ ಇಲ್ಲ, ಯೂಟಾದಲ್ಲಿ ಇದೆ. ನವೆಂಬರ್ ಮೊದಲ ಭಾನುವಾರದವರೆಗೆ ಯೂಟಾ ಒಂದು ಗಂಟೆ ಮುಂದೆ. ಹೋಗುವ ದಾರಿ ಗಡಿಗೆ ಅಂಟಿಕೊಂಡೇ ಇರುವುದರಿಂದ ಫೋನ್ ಯಾವ ಟವರ್ ಹಿಡಿಯಿತೋ ಆ ಸಮಯ ತೋರಿಸುತ್ತದೆ. ಶಟಲ್ ಗೊತ್ತುಮಾಡುವಾಗ 'ಅರಿಜೋನಾ ಸಮಯ 6' ಎಂದೇ ಬರೆದು ಕಳಿಸಿ, ನಾಲ್ವರ ಫೋನಿನಲ್ಲೂ ಸ್ವಯಂಚಾಲಿತ ಸಮಯ ಆಫ್ ಮಾಡಿ. ಕಾರನ್ನು ಲೀಸ್ ಫೆರಿಯ ದೀರ್ಘಾವಧಿ ಪಾರ್ಕಿಂಗ್‌ನಲ್ಲೇ ನಿಲ್ಲಿಸಿ. ಕಾಲುದಾರಿ ಬಂದು ಸೇರುವುದು ಲೋನ್ಲಿ ಡೆಲ್ ತೋಟದ ಪಕ್ಕ, ಅಲ್ಲಿಂದ ಇನ್ನೂ ಸ್ವಲ್ಪ ನಡಿಗೆ ಇದೆ. ಕಾರಿನೊಳಗೆ ತಲಾ 2 ಲೀಟರ್ ನೀರು ಬಿಟ್ಟಿರಿ.

ಹಳ್ಳದಂಡೆ:
ಮತ್ತು ಕಾರಿನ ಕೀ ಶಟಲ್ ಗಾಡಿಯಲ್ಲಿ ಮರೆಯಬೇಡಿ.